ನೋವಿಗೆ ಬೇರೆ ತಂಡ ಬರುತ್ತದೆ ಎಂದರು. ಅಂದರೆ ಕೈಬಿಟ್ಟರು ಅಂತಲಾ?

ಪ್ರಶ್ನೆ: ಅಮ್ಮನ ಜೊತೆ ವಾರ್ಡಿನಲ್ಲಿರುವ ಮಗಳು

ನಮಸ್ಕಾರ. ಅಮ್ಮನಿಗೆ 61 ವರ್ಷ. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಬಂದಿತ್ತು. ಈಗ ಸೊಂಟದ ಮೂಳೆಗೂ ಬೆನ್ನುಮೂಳೆಗೂ ಹರಡಿದೆ. ನೋವು, ವಾಂತಿ ಎರಡೂ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದೆವು. ಇವತ್ತಿಗೆ ಆರು ದಿನ. ರಾತ್ರಿ ಹಗಲು ನಾನೇ ಪಕ್ಕದಲ್ಲಿದ್ದೇನೆ.

ನಿನ್ನೆ ಕ್ಯಾನ್ಸರ್ ಡಾಕ್ಟರು, "ಪ್ಯಾಲಿಯೇಟಿವ್ ಕೇರ್ ತಂಡದವರು, ಅಂದರೆ ನೋವು, ವಾಂತಿಯಂಥ ಕಷ್ಟ ಕಡಿಮೆ ಮಾಡುವವರು, ಒಮ್ಮೆ ಬಂದು ನೋಡಲಿ, ಮಾರ್ಫಿನ್ ಶುರು ಮಾಡಬೇಕಾಗಬಹುದು" ಎಂದರು. ಅಷ್ಟು ಹೇಳಿ ಮುಂದಿನ ಮಂಚಕ್ಕೆ ಹೋದರು. ನನಗೆ ಕೈಕಾಲು ತಣ್ಣಗಾಯಿತು. ಚಿಕ್ಕಪ್ಪನಿಗೆ ಫೋನ್ ಮಾಡಿದರೆ, "ಒಪ್ಪಬೇಡ. ಆ ತಂಡ ಬಂತು ಅಂದರೆ ಇವರು ಕೈಚೆಲ್ಲಿದರು ಅಂತಲೇ ಅರ್ಥ. ಮಾರ್ಫಿನ್ ಕೊಟ್ಟರೆ ಮತ್ತೆ ಏಳೋದಿಲ್ಲ" ಎಂದರು. ಅವರಿಗೂ ಅಮ್ಮನ ಮೇಲೆ ಪ್ರೀತಿಯೇ. ಆದರೆ ಅವರು ರಾತ್ರಿ ಹೊತ್ತು ಇಲ್ಲಿರುವುದಿಲ್ಲ.

ರಾತ್ರಿ ಎರಡು ಗಂಟೆ ಸುಮಾರಿಗೆ ಅಮ್ಮ ಮಂಚದ ಕಂಬಿ ಹಿಡಿದುಕೊಳ್ಳುತ್ತಾರೆ. ಕೂಗುವುದಿಲ್ಲ. ಬೆರಳ ಗೆಣ್ಣುಗಳು ಬೆಳ್ಳಗಾಗುತ್ತವೆ, ಅಷ್ಟೇ. ನಾನು ಓಡಿಹೋಗಿ ನರ್ಸನ್ನು ಕರೆಯುತ್ತೇನೆ. ಅವರು ಡಾಕ್ಟರನ್ನು ಕೇಳಿ ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವಷ್ಟರಲ್ಲಿ ಮೂರೂವರೆ ಆಗಿರುತ್ತದೆ. ಬೆಳಿಗ್ಗೆ ರೌಂಡ್ಸಿನಲ್ಲಿ ಡಾಕ್ಟರು "ನೋವು ಹೇಗಿದೆ ಅಮ್ಮಾ?" ಎಂದರೆ ಅಮ್ಮ "ಪರವಾಗಿಲ್ಲ ಸಾರ್" ಅನ್ನುತ್ತಾರೆ. ಅವರಿಗೆ ಯಾರಿಗೂ ತೊಂದರೆ ಕೊಡಬಾರದು ಅಂತ. ನಾನು ಮಧ್ಯೆ ಬಾಯಿ ಹಾಕಿದರೆ, "ನೀನು ಸುಮ್ನೆ ಇರು" ಅಂತ ಕಣ್ಣಲ್ಲೇ ಗದರುತ್ತಾರೆ.

ಚಿಕಿತ್ಸೆ ನಿಂತಿಲ್ಲ. ಹೊಸ ಮಾತ್ರೆ ಶುರು ಮಾಡುವ ಮಾತಿದೆ. ಹಾಗಿದ್ದ ಮೇಲೆ ಈ ತಂಡ ಯಾಕೆ? ಒಪ್ಪಿದರೆ ನಾನೇ ಅಮ್ಮನನ್ನು ಬಿಟ್ಟುಕೊಟ್ಟ ಹಾಗೆ ಆಗುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ. ನಾಳೆ ಬೆಳಿಗ್ಗೆ ಉತ್ತರ ಕೊಡಬೇಕು.

ಉತ್ತರ 1: ಕ್ಯಾನ್ಸರ್ ವಾರ್ಡಿನ ನರ್ಸ್

ತಂಗೀ, ಮೊದಲು ಒಂದು ಮಾತು. ಒಪ್ಪಿಕೊಳ್ಳಿ. ನಾಳೆವರೆಗೂ ಕಾಯಬೇಡಿ, ಈಗಲೇ ಡ್ಯೂಟಿ ನರ್ಸಿಗೆ ಹೇಳಿ.

ನಾನು 14 ವರ್ಷದಿಂದ ಕ್ಯಾನ್ಸರ್ ವಾರ್ಡಿನಲ್ಲಿದ್ದೇನೆ, ಅದರಲ್ಲಿ ಜಾಸ್ತಿ ರಾತ್ರಿ ಪಾಳಿ. ನೀವು ಬರೆದ ಆ ಬೆಳ್ಳಗಾದ ಗೆಣ್ಣುಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೂಗುವವರಿಗೆ ಬೇಗ ಔಷಧಿ ಸಿಗುತ್ತದೆ. ಕಂಬಿ ಹಿಡಿದು ಸುಮ್ಮನಿರುವವರೇ ಬೆಳಗಿನವರೆಗೂ ನರಳುತ್ತಾರೆ. ಇದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ.

ನಿಮ್ಮ ಅಮ್ಮನ ವಿಷಯದಲ್ಲಿ ಏನಾಗುತ್ತಿದೆ ನೋಡಿ. ನೋವು ಬಂದ ಮೇಲೆ ಕರೆಯುತ್ತೀರಿ, ಆಮೇಲೆ ಔಷಧಿ ಬರುತ್ತದೆ. ಅಂದರೆ ನೋವು ಯಾವಾಗಲೂ ಒಂದು ಹೆಜ್ಜೆ ಮುಂದೆ, ಔಷಧಿ ಹಿಂದೆ. ಆಗಬೇಕಿರುವುದು ಇದಕ್ಕೆ ಉಲ್ಟಾ. 1986ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಹೇಳಿದ್ದು ಇದನ್ನೇ: ಆದಷ್ಟು ಬಾಯಿಯ ಮೂಲಕ ಕೊಡಿ, ಗಡಿಯಾರ ನೋಡಿಕೊಂಡು ಕೊಡಿ, ನೋವಿನ ಮಟ್ಟಕ್ಕೆ ತಕ್ಕ ಔಷಧಿ ಕೊಡಿ. ಗಡಿಯಾರ ನೋಡಿಕೊಂಡು ಅಂದರೆ, ಹಿಂದಿನ ಡೋಸಿನ ಶಕ್ತಿ ಇಳಿಯುವ ಮೊದಲೇ ಮುಂದಿನದು ಹೊಟ್ಟೆ ಸೇರಬೇಕು. ಸಾಮಾನ್ಯ ಮಾರ್ಫಿನ್ ಮಾತ್ರೆ ನುಂಗಿದ ಅರ್ಧ ಗಂಟೆ ಸುಮಾರಿಗೆ ಹಿಡಿಯುತ್ತದೆ, ನಾಲ್ಕು ಗಂಟೆ ಸುಮಾರು ಇರುತ್ತದೆ. ಅದಕ್ಕೇ ನಾಲ್ಕು ಗಂಟೆಗೊಮ್ಮೆ ಕೊಡುವುದು. ಮಧ್ಯೆ ನೋವು ಉಕ್ಕಿದರೆ ಎಂದು ಒಂದು ಹೆಚ್ಚುವರಿ ಡೋಸನ್ನೂ ಮೊದಲೇ ಚೀಟಿಯಲ್ಲಿ ಬರೆದಿಟ್ಟಿರುತ್ತಾರೆ. ಆ ಒಂದು ಸಾಲು ಚೀಟಿಯಲ್ಲಿದ್ದರೆ ರಾತ್ರಿ ಎರಡು ಗಂಟೆಗೆ ನಾನು ಡಾಕ್ಟರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನೀವು ಕರೆದ ಹತ್ತು ನಿಮಿಷದಲ್ಲಿ ಕೊಡಬಹುದು. ಆದ್ದರಿಂದ ತಂಡ ಬಂದಾಗ ಮರೆಯದೆ ಕೇಳಿ: "ಮಧ್ಯೆ ನೋವು ಬಂದರೆ ಏನು ಕೊಡಬೇಕು, ಎಷ್ಟು ಹೊತ್ತಿಗೊಮ್ಮೆ ಕೊಡಬಹುದು, ಬರೆದಿದ್ದೀರಾ?"

ಇನ್ನು "ಪರವಾಗಿಲ್ಲ ಸಾರ್" ವಿಷಯ. ರೌಂಡ್ಸ್ ಬರುವ ಹೊತ್ತಿಗೆ ಮೂರೂವರೆಯ ಇಂಜೆಕ್ಷನ್ ಕೆಲಸ ಮಾಡಿರುತ್ತದೆ. ಅಮ್ಮ ಮಲಗಿಯೇ ಇರುತ್ತಾರೆ, ಅಲುಗಾಡಿರುವುದಿಲ್ಲ. ಚಾರ್ಟಿನಲ್ಲಿ ನೋವು ಕಡಿಮೆ ಎಂದೇ ದಾಖಲಾಗುತ್ತದೆ. ಡಾಕ್ಟರು ಸುಳ್ಳು ಬರೆದಿಲ್ಲ, ಅಮ್ಮನೂ ಸುಳ್ಳು ಹೇಳಿಲ್ಲ, ಆದರೂ ರಾತ್ರಿಯ ಆ ನೋವು ಕಾಗದದ ಮೇಲೆ ಎಲ್ಲೂ ಇಲ್ಲ. ನೀವೇ ಒಂದು ಪುಸ್ತಕ ಇಡಿ. ಗಂಟೆ, ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ಎಲ್ಲಿ, ಆಗ ಏನು ಮಾಡುತ್ತಿದ್ದರು, ಏನು ಕೊಟ್ಟರು, ಒಂದು ಗಂಟೆ ಬಿಟ್ಟು ಎಷ್ಟಾಯಿತು. ಮಗ್ಗಲು ಬದಲಿಸಿದಾಗ ಎಷ್ಟು ಎನ್ನುವುದನ್ನು ಬೇರೆಯಾಗಿಯೇ ಬರೆಯಿರಿ. ಮೂಳೆ ನೋವು ಅಲುಗಾಡಿದಾಗ ಜಾಸ್ತಿ ಗೊತ್ತಾಗುವುದು. ಅಮ್ಮ ಅಂಕಿ ಹೇಳದಿದ್ದರೆ "ಮೊನ್ನೆಗಿಂತ ಜಾಸ್ತಿನಾ, ಕಡಿಮೆನಾ?" ಅಂತ ಕೇಳಿ. ಅದಕ್ಕೆ ಎಲ್ಲರೂ ಉತ್ತರ ಕೊಡುತ್ತಾರೆ. ರೌಂಡ್ಸಿನಲ್ಲಿ ನೀವು ಬಾಯಿ ಬಿಡಬೇಕಿಲ್ಲ, ಪುಸ್ತಕ ಕೈಗೆ ಕೊಡಿ ಸಾಕು.

ಮಾರ್ಫಿನ್ ಭಯ ನನಗೆ ಅರ್ಥವಾಗುತ್ತದೆ. ಮೊದಲ ಮೂರ್ನಾಲ್ಕು ದಿನ ಮಂಪರು ಇರಬಹುದು, ಹೊಟ್ಟೆ ತೊಳಸಬಹುದು. ಸಾಮಾನ್ಯವಾಗಿ ಒಂದು ವಾರದೊಳಗೆ ದೇಹ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳದೆ ಉಳಿಯುವುದು ಮಲಬದ್ಧತೆ. ಅದಕ್ಕೇ ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಭೇದಿ ಮಾತ್ರೆಯೂ ಶುರುವಾಗಬೇಕು. ನಾಲ್ಕು ದಿನ ನೋಡೋಣ ಅನ್ನುವ ಹಾಗಿಲ್ಲ. ಹೊಟ್ಟೆ ಕಟ್ಟಿಕೊಂಡರೆ ವಾಂತಿ ಜಾಸ್ತಿಯಾಗುತ್ತದೆ, ವಾಂತಿಯಾದರೆ ಮಾತ್ರೆ ನಿಲ್ಲುವುದಿಲ್ಲ, ಮಾತ್ರೆ ನಿಲ್ಲದಿದ್ದರೆ ನೋವು ಮತ್ತೆ ಎದ್ದು ಕೂರುತ್ತದೆ. ಅಂದಹಾಗೆ, ಅಮ್ಮ ಕಡೆಯ ಸಲ ಮಲವಿಸರ್ಜನೆ ಮಾಡಿದ್ದು ಯಾವಾಗ? ನಾಚಿಕೆಪಡದೆ ಕೇಳಿ.

ಚಟ ಹಿಡಿಯುತ್ತದೆ ಎನ್ನುವ ಮಾತೂ ಬರುತ್ತದೆ. ದೇಹಕ್ಕೆ ಔಷಧಿ ಅಭ್ಯಾಸವಾಗುವುದೇ ಬೇರೆ, ಮನಸ್ಸು ಅದರ ಹಿಂದೆ ಬೀಳುವುದೇ ಬೇರೆ. ನೋವಿಗಾಗಿ, ಲೆಕ್ಕ ಹಾಕಿ, ಕಣ್ಣೆದುರಿಗೆ ಕೊಡುವಾಗ ಎರಡನೆಯದು ಅಪರೂಪ. ನೋವಿನ ಮೂಲ ತಗ್ಗಿದರೆ ಡೋಸನ್ನು ಮೆಲ್ಲಗೆ ಇಳಿಸುತ್ತಾರೆ. ಒಮ್ಮೆಲೇ ನಿಲ್ಲಿಸಬಾರದು, ಅಷ್ಟೇ.

ಒಬ್ಬರ ಹೆಸರು ಹೇಳಲೇಬೇಕು, ನಮ್ಮ ವೃತ್ತಿಯವರು ಎಂಬ ಪ್ರೀತಿಗೆ. ಸಿಸೆಲಿ ಸೌಂಡರ್ಸ್. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಸೇವಕಿ, ಆಮೇಲೆ ಓದಿ ಡಾಕ್ಟರ್ ಆದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದರು. ಹಾಸ್ಪೀಸ್ ಅಂದರೆ ಗುಣವಾಗದ ರೋಗದವರನ್ನು ಕೊನೆಯವರೆಗೂ ನೋಡಿಕೊಳ್ಳುವ ಜಾಗ. ರೋಗಿ ಬೇಡುವವರೆಗೂ ಕಾಯದೆ ಹೊತ್ತುಹೊತ್ತಿಗೆ ಮಾರ್ಫಿನ್ ಕೊಟ್ಟರೆ ಜನ ಎಚ್ಚರವಾಗಿಯೇ, ಮಾತಾಡಿಕೊಂಡೇ ಇರುತ್ತಾರೆ ಎಂದು ತೋರಿಸಿಕೊಟ್ಟರು. ನೋವು ಮೈಯೊಂದರದ್ದೇ ಅಲ್ಲ, ಮನಸ್ಸಿನದು, ಮನೆಯದು, ನಂಬಿಕೆಯದು ಎಲ್ಲ ಸೇರಿಯೇ ಒಂದು ನೋವು ಎನ್ನುತ್ತಿದ್ದರು. ಅಮ್ಮ ಯಾರಿಗೂ ತೊಂದರೆ ಕೊಡಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದಾರಲ್ಲ, ಅದೂ ಆ ನೋವಿನ ಒಂದು ಪಾಲೇ.

ಉತ್ತರ 2: ಅಪ್ಪನನ್ನು ನೋಡಿಕೊಂಡಿದ್ದ ಮಗ

ನಾನು ಡಾಕ್ಟರ್ ಅಲ್ಲ. ನಮ್ಮ ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಇತ್ತು. ಇದೇ ಪ್ರಶ್ನೆ ನಮ್ಮ ಮುಂದೆಯೂ ಬಂದಿತ್ತು. ನಾವು ಬೇಡ ಎಂದೆವು. ಹನ್ನೊಂದು ದಿನ ಬೇಡ ಎಂದೆವು. ಆ ಹನ್ನೊಂದು ದಿನ ಅಪ್ಪ ಮಲಗಲಿಲ್ಲ, ಕೂತೇ ಇದ್ದರು. ಮುಂದೆ ದಿಂಬು ಇಟ್ಟುಕೊಂಡು ಅದರ ಮೇಲೆ ಬಾಗಿ ಉಸಿರಾಡುತ್ತಿದ್ದರು.

ಕೊನೆಗೆ ತಂಡದವರು ಬಂದಾಗ ಮೊದಲು ಮಾಡಿದ್ದು ಏನು ಗೊತ್ತಾ? ಒಂದು ಪುಟ್ಟ ಫ್ಯಾನ್ ತಂದು ಅಪ್ಪನ ಮುಖದ ಹತ್ತಿರ ಹಿಡಿದರು. ಮೂಗು, ಕೆನ್ನೆಯ ಮೇಲೆ ಗಾಳಿ ಬೀಳುವ ಹಾಗೆ. ನನಗೆ ಸಿಟ್ಟೇ ಬಂತು, ಇದಕ್ಕಾ ಇವರನ್ನು ಕರೆಸಿದ್ದು ಅಂತ. ಆದರೆ ಐದಾರು ನಿಮಿಷದಲ್ಲಿ ಅಪ್ಪನ ಭುಜ ಇಳಿಯಿತು. ರಕ್ತದಲ್ಲಿ ಆಕ್ಸಿಜನ್ ಸಾಕಷ್ಟಿದ್ದವರಿಗೆ ಮೂಗಿಗೆ ಹಾಕುವ ಆಕ್ಸಿಜನ್ ಕೊಳವೆಗಿಂತ ಈ ಗಾಳಿಯೇ ಎಷ್ಟೋ ಸಲ ಸಮಾಧಾನ ಕೊಡುತ್ತದೆ ಎಂದು ಅವರು ಹೇಳಿದರು. ಆಮೇಲೆ ತುಂಬ ಸಣ್ಣ ಪ್ರಮಾಣದಲ್ಲಿ ಮಾರ್ಫಿನ್ ಕೊಟ್ಟರು. ನೋವಿಗಲ್ಲ, ಉಸಿರು ಕಟ್ಟುವ ಆ ಭಾವನೆಗೆ. ಅದಕ್ಕೂ ಅದು ಕೆಲಸ ಮಾಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ರಾತ್ರಿ ಅಪ್ಪ ಒರಗಿಕೊಂಡು ನಾಲ್ಕು ಗಂಟೆ ನಿದ್ದೆ ಮಾಡಿದರು.

ಇನ್ನೊಂದು ರಾತ್ರಿ ಅವರು ಇದ್ದಕ್ಕಿದ್ದಂತೆ ಗೋಡೆಯ ಮೇಲೆ ಯಾರೋ ಇದ್ದಾರೆ ಎಂದು ಹೆದರಿ, ಡ್ರಿಪ್ ಕೀಳಲು ಹೋದರು. ಮಾರ್ಫಿನ್ನಿಂದಲೇ ಎಂದು ನಾವು ಜಗಳಕ್ಕೆ ನಿಂತೆವು. ನೋಡಿದರೆ ಮೂತ್ರ ಕಟ್ಟಿಕೊಂಡಿತ್ತು. ಕೊಳವೆ ಹಾಕಿ ಮೂತ್ರ ಹೊರಬಂದ ಮೇಲೆ ಬೆಳಗಾಗುವುದರೊಳಗೆ ನಮ್ಮ ಅಪ್ಪ ಮತ್ತೆ ನಮ್ಮ ಅಪ್ಪನಾದರು. ಔಷಧಿಯಿಂದಲೂ ಹಾಗಾಗಬಹುದು ಎಂದು ಡಾಕ್ಟರೇ ಹೇಳಿದರು. ಆದರೆ ಸೋಂಕು, ಮಲಬದ್ಧತೆ, ನೀರಿನಂಶ ಕಡಿಮೆಯಾಗುವುದು ಇವನ್ನೆಲ್ಲ ಹುಡುಕದೆ ಮಾರ್ಫಿನ್ ಮೇಲೆ ಹಾಕಬಾರದಂತೆ.

ಆ ಹನ್ನೊಂದು ದಿನ ನನ್ನ ಎದೆಯಿಂದ ಹೋಗಿಲ್ಲ. ನಿಮಗೆ ಅದು ಬೇಡ.

ಉತ್ತರ 3: ಪ್ಯಾಲಿಯೇಟಿವ್ ಕೇರ್ ಡಾಕ್ಟರ್

ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಅಮ್ಮನನ್ನು ನೋಡದೆ ನಾನು ಡೋಸ್ ಹೇಳುವುದಿಲ್ಲ. ಆದರೆ ಕೆಲವು ವಿಷಯ ಸೇರಿಸುತ್ತೇನೆ.

ಕೈಬಿಟ್ಟರಾ ಎನ್ನುವ ಪ್ರಶ್ನೆ ಮೊದಲು. ನಮ್ಮನ್ನು ಕರೆದರೆ ಕ್ಯಾನ್ಸರ್ ಚಿಕಿತ್ಸೆ ನಿಲ್ಲುವುದಿಲ್ಲ. ಎರಡೂ ಜೊತೆಯಲ್ಲೇ ನಡೆಯುತ್ತವೆ. 2010ರಲ್ಲಿ ಅಮೆರಿಕದ ಬಾಸ್ಟನ್ನಿನ ಒಂದು ಅಧ್ಯಯನ ಪ್ರಕಟವಾಯಿತು. ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ಜನ. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ, ಉಳಿದರ್ಧ ಜನರಿಗೆ ಅದರ ಜೊತೆಗೆ ಶುರುವಿನಿಂದಲೇ ಪ್ಯಾಲಿಯೇಟಿವ್ ಕೇರ್. ಎರಡನೆಯವರ ದಿನಗಳು ಚೆನ್ನಾಗಿದ್ದವು, ಖಿನ್ನತೆ ಕಡಿಮೆ ಇತ್ತು. ಬದುಕಿದ ಅವಧಿಯ ಮಧ್ಯಾಂಕ (ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು) 11.6 ತಿಂಗಳು, ಮೊದಲ ಗುಂಪಿನದು 8.9. ಅವರು ಓಡಾಡಿಕೊಂಡಿದ್ದ ಹೊರರೋಗಿಗಳು. ಆದ್ದರಿಂದ ಅಮ್ಮನಿಗೆ ಆಯುಷ್ಯ ಹೆಚ್ಚುತ್ತದೆ ಎಂದು ಇದರಿಂದ ನಾನು ಹೇಳಲಾರೆ. ಆಯುಷ್ಯ ಕಡಿಮೆ ಮಾಡುವ ಚಿಕಿತ್ಸೆ ಇದಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಚಿಕ್ಕಪ್ಪನಿಗೆ ಇದನ್ನೇ ಓದಿ ಹೇಳಿ.

ಹೆಸರಿನ ಬಗ್ಗೆ ಭಯ ಹೊಸದೇನಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಬಾಲ್ಫರ್ ಮೌಂಟ್ ಎಂಬ ಶಸ್ತ್ರವೈದ್ಯರು 1975ರಲ್ಲಿ ದೊಡ್ಡ ಆಸ್ಪತ್ರೆಯೊಳಗೇ ಇಂಥ ವಾರ್ಡ್ ಶುರು ಮಾಡಿದರು. ಫ್ರೆಂಚ್ ಮಾತಾಡುವವರಿಗೆ ಹಾಸ್ಪೀಸ್ ಎಂಬ ಪದ ಕೇಳಿದರೆ ಆಗುತ್ತಿರಲಿಲ್ಲ. ಅದಕ್ಕೇ ಪ್ಯಾಲಿಯೇಟಿವ್ ಕೇರ್ ಎಂಬ ಹೆಸರು ಬಳಸಿದರು. ಈಗ ಈ ಹೆಸರಿಗೂ ಜನ ಹೆದರುತ್ತಾರೆ. ಅದಕ್ಕೆ ನಮ್ಮ ತಪ್ಪೂ ಇದೆ. ಅರ್ಧ ನಿಮಿಷದಲ್ಲಿ ಹೇಳಿ ಮುಂದಿನ ಮಂಚಕ್ಕೆ ಹೋಗುವ ವಿಷಯ ಇದಲ್ಲ. ಕುರ್ಚಿ ಎಳೆದುಕೊಂಡು ಕೂತು ಹೇಳಬೇಕಾದದ್ದು.

ಈಗ ಮೂಳೆ ನೋವು. ಮಾರ್ಫಿನ್ ಒಂದೇ ದಾರಿ ಅಲ್ಲ. ನೋವಿರುವ ಮೂಳೆಗೆ ಒಂದೇ ಸಲ 8 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ) ವಿಕಿರಣ ಕೊಡುವ ಪದ್ಧತಿ ಇದೆ. ಹತ್ತು ದಿನ ಕೊಟ್ಟಷ್ಟೇ ನೋವು ಇಳಿಯುತ್ತದೆ. ಕೆಲವರಿಗೆ ಮುಂದೆ ಮತ್ತೊಮ್ಮೆ ಬೇಕಾಗಬಹುದು. ಪರಿಣಾಮ ಕಾಣಲು ಕೆಲವು ವಾರ ಹಿಡಿಯಬಹುದು, ಮೊದಲೆರಡು ದಿನ ನೋವು ಸ್ವಲ್ಪ ಏರಲೂಬಹುದು. ಅಲ್ಲಿಯವರೆಗೆ ಔಷಧಿ ಆಸರೆ. ಅಮ್ಮನಿಗೆ ಇದು ಹೊಂದುತ್ತದಾ ಎಂದು ಕೇಳಿ. ಮೂತ್ರಪಿಂಡದ ರಕ್ತ ಪರೀಕ್ಷೆ ನೋಡಿದ್ದಾರಾ ಎಂದೂ ಕೇಳಿ. ಅದು ಸರಿಯಿಲ್ಲದಿದ್ದರೆ ಮಾರ್ಫಿನ್ ಮೈಯಲ್ಲಿ ಉಳಿದು ಗಲಿಬಿಲಿ, ಕೈಕಾಲು ಜಗ್ಗುವುದು ಆಗಬಹುದು. ಅಂಥವರಿಗೆ ಫೆಂಟನಿಲ್‌ನಂಥ ಬೇರೆ ಔಷಧಿ ಇದೆ. ವಾಂತಿ ಇರುವುದರಿಂದ ರಕ್ತದ ಕ್ಯಾಲ್ಸಿಯಂ ಕೂಡ ನೋಡಬೇಕು. ಮೂಳೆಗೆ ಹರಡಿದಾಗ ಅದು ಏರಬಹುದು. ಬಾಯಾರಿಕೆ, ವಾಂತಿ, ಮಲಬದ್ಧತೆ, ಮಂಪರು ಎಲ್ಲ ಅದರಿಂದಲೇ ಬರಬಹುದು. ಡ್ರಿಪ್ ಮತ್ತು ಒಂದು ಇಂಜೆಕ್ಷನ್ನಿನಿಂದ ಎಷ್ಟೋ ಜನರಿಗೆ ಸರಿಹೋಗುತ್ತದೆ.

ಒಂದು ಎಚ್ಚರಿಕೆ, ಇದನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ. ಬೆನ್ನುಮೂಳೆಗೆ ಹರಡಿದೆ ಎಂದಿದ್ದೀರಿ. ಕಾಲಿನಲ್ಲಿ ಶಕ್ತಿ ಕಡಿಮೆಯಾದರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಬೆನ್ನಲ್ಲಿ ಹೊಸ ತರದ ನೋವು ಬಂದರೆ ಬೆಳಗಿನ ರೌಂಡ್ಸಿಗೆ ಕಾಯಬೇಡಿ. ಬೆನ್ನುಹುರಿ ಒತ್ತಿಕೊಂಡಿರಬಹುದು. ಅದು ತುರ್ತು. ಕೆಲವು ಗಂಟೆ ತಡವಾದರೂ ನಡೆಯುವ ಶಕ್ತಿ ಹೋಗಬಹುದು.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ

ಎಲ್ಲರಿಗೂ ತುಂಬಾ ಧನ್ಯವಾದ. ಆ ರಾತ್ರಿಯೇ ನರ್ಸಿಗೆ ಒಪ್ಪಿಗೆ ಎಂದೆ. ಮರುದಿನ ಹನ್ನೊಂದಕ್ಕೆ ತಂಡದ ಡಾಕ್ಟರು ಬಂದರು. ನಿಜವಾಗಿಯೂ ಕುರ್ಚಿ ಎಳೆದುಕೊಂಡು ಕೂತರು. ನನ್ನ ಹತ್ತಿರ ಮಾತಾಡಲಿಲ್ಲ, ಅಮ್ಮನ ಹತ್ತಿರ ಮಾತಾಡಿದರು. "ಇವತ್ತು ನಿಮಗೆ ಯಾವುದು ಎಲ್ಲಕ್ಕಿಂತ ಕಷ್ಟ ಕೊಡ್ತಿದೆ?" ಅಂತ ಕೇಳಿದರು.

ನಾನು ಅಮ್ಮ ನೋವು ಅನ್ನುತ್ತಾರೆ ಅಂದುಕೊಂಡಿದ್ದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಯಿ ಒಣಗಿ ಅಂಟಿಕೊಳ್ಳತ್ತೆ. ಮತ್ತೆ… ಎಂಟು ದಿನ ಆಯ್ತು ಹೊಟ್ಟೆ ಖಾಲಿಯಾಗಿ" ಎಂದರು. ನಾನು ಏಳು ದಿನದಿಂದ ಪಕ್ಕದಲ್ಲಿದ್ದೇನೆ. ನನಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಡಾಕ್ಟರು ಬಾಯಿಗೆ ಟಾರ್ಚ್ ಹಾಕಿ ನೋಡಿದರು. ನಾಲಗೆಯ ಮೇಲೆ ಬಿಳಿ ಪದರ ಇತ್ತು. ಅದು ಫಂಗಸ್ ಅಂತೆ, ಅದಕ್ಕೆ ಔಷಧಿ ಬರೆದರು. ಎರಡು ಗಂಟೆಗೊಮ್ಮೆ ಒದ್ದೆ ಸ್ಪಾಂಜಿನಿಂದ ಬಾಯಿ ಒರೆಸುವುದನ್ನು ನನಗೆ ಹೇಳಿಕೊಟ್ಟರು. ಹೊಟ್ಟೆಗೆ ಎನಿಮಾ ಕೊಟ್ಟರು. ಅದಾದ ಮೇಲೆ ವಾಂತಿ ಅರ್ಧಕ್ಕರ್ಧ ಇಳಿಯಿತು! ಕ್ಯಾಲ್ಸಿಯಂ ಸರಿಯಾಗಿಯೇ ಇದೆ, ಮೂತ್ರಪಿಂಡವೂ ಚೆನ್ನಾಗಿದೆ. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ, ಮಧ್ಯೆ ಬೇಕಾದರೆ ಇನ್ನೊಂದು, ದಿನವೂ ಭೇದಿ ಮಾತ್ರೆ. ಎಲ್ಲ ಚೀಟಿಯಲ್ಲಿದೆ. ಸೊಂಟಕ್ಕೆ ವಿಕಿರಣ ಬುಧವಾರ. ಹೊಸ ಕ್ಯಾನ್ಸರ್ ಮಾತ್ರೆಯೂ ಅದಾದ ಮೇಲೆ ಶುರು. ಚಿಕ್ಕಪ್ಪ ನಿನ್ನೆ ಬಂದು ಚೀಟಿಯನ್ನು ಎರಡು ಸಲ ಓದಿದರು, ಏನೂ ಅನ್ನಲಿಲ್ಲ. ಹೋಗುವಾಗ ಅಮ್ಮನ ಕಾಲು ಮುಟ್ಟಿ, ಹೊದಿಕೆ ಸರಿ ಮಾಡಿ ಹೋದರು.

ಪುಸ್ತಕದಲ್ಲಿ ಮೊದಲ ರಾತ್ರಿ ಎರಡು ಗಂಟೆಗೆ 9 ಅಂತ ಇದೆ. ನಿನ್ನೆ ರಾತ್ರಿ 3.

ಈಗ ಒಂದೇ ಹೆದರಿಕೆ. ಅಮ್ಮ ತುಂಬಾ ನಿದ್ದೆ ಮಾಡುತ್ತಿದ್ದಾರೆ. ಇವತ್ತು ಮಧ್ಯಾಹ್ನದಿಂದ ಮೂರು ಗಂಟೆ ಆಯಿತು, ಎದ್ದಿಲ್ಲ. ಡೋಸ್ ಜಾಸ್ತಿ ಆಯಿತಾ?

ಕ್ಯಾನ್ಸರ್ ವಾರ್ಡಿನ ನರ್ಸ್

ಎಷ್ಟು ರಾತ್ರಿಗಳ ನಿದ್ದೆ ಬಾಕಿ ಇದೆ ಯೋಚಿಸಿ. ನೋವು ಬಿಟ್ಟ ಮೊದಲ ದಿನಗಳಲ್ಲಿ ಎಷ್ಟೋ ಜನ ಹೀಗೇ ಮಲಗುತ್ತಾರೆ. ಆದರೂ ಊಹೆ ಬೇಡ, ಈಗಲೇ ನೋಡಿ. ಹೊಟ್ಟೆಯ ಮೇಲೆ ಹಗುರವಾಗಿ ಕೈಯಿಟ್ಟು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಆಮೇಲೆ ಹೆಸರು ಹಿಡಿದು ಕರೆದು ಭುಜ ಮುಟ್ಟಿ. ಕಣ್ಣು ಬಿಟ್ಟು ಸರಿಯಾಗಿ ಮಾತಾಡಿದರೆ ಅದು ನಿದ್ದೆ. ಕರೆದರೂ ಎಚ್ಚರವಾಗದಿದ್ದರೆ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಇದ್ದರೆ, ತುಟಿ ನೀಲಿಯಾಗಿದ್ದರೆ ಒಂದು ಕ್ಷಣವೂ ಕಾಯದೆ ನರ್ಸನ್ನು ಕರೆಯಿರಿ. ಮಾರ್ಫಿನ್ ಜಾಸ್ತಿಯಾದರೆ ಅದನ್ನು ಇಳಿಸುವ ಔಷಧಿ ಇದೆ. ಹೇಗಿದ್ದರೂ ಇವತ್ತು ನಿದ್ದೆ ಜಾಸ್ತಿ ಎಂದು ತಂಡಕ್ಕೆ ಹೇಳಿ, ಪುಸ್ತಕದಲ್ಲೂ ಬರೆಯಿರಿ. ಎಣಿಸಿ ಇಲ್ಲಿ ಹೇಳಿ, ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ ಕೇಳಿದವರು

ಎಣಿಸಿದೆ, ಹದಿನಾಲ್ಕು. ಭುಜ ಮುಟ್ಟಿದೆ. ಕಣ್ಣು ಬಿಟ್ಟು, "ಯಾಕೇ ಸುಮ್ನೆ ಎಬ್ಬಿಸ್ತೀಯ" ಅಂದರು. ಆಮೇಲೆ ತಾವಾಗಿಯೇ ನಿಧಾನಕ್ಕೆ ಕಿಟಕಿಯ ಕಡೆ ಮಗ್ಗಲು ತಿರುಗಿದರು. ಕಂಬಿ ಹಿಡಿಯಲಿಲ್ಲ.